ಜಿಂಕೆ ಬೇಟೆಗೆ ಯಾವ ಗುಂಡು?

ಪ್ರಶ್ನೆ: ಎಚ್-1ಬಿ ವೀಸಾದಲ್ಲಿ ವಿಸ್ಕಾನ್ಸಿನ್‌ನಲ್ಲಿದ್ದೇನೆ. ನವೆಂಬರ್‌ನ ಜಿಂಕೆ ಬೇಟೆಗೆ ನೆರೆಮನೆಯವರು ಕರೆದಿದ್ದಾರೆ, ತಮ್ಮ .308 ವಿಂಚೆಸ್ಟರ್ ರೈಫಲ್ಲನ್ನೂ ಕೊಡುತ್ತಾರಂತೆ. ಅಂಗಡಿಯಲ್ಲಿ ತೋಟಾ ಪೆಟ್ಟಿಗೆಗಳ ರಾಶಿ ಕಂಡು ದಿಕ್ಕು ತೋಚಲಿಲ್ಲ. ಪ್ರಾಣಿ ನರಳಬಾರದು ಎಂಬುದೇ ನನ್ನ ಚಿಂತೆ. ಮನೆಯಲ್ಲಿ ಪುಟ್ಟ ಮಗಳಿದ್ದಾಳೆ, ಆ ಮಾಂಸ ಅವಳಿಗೂ ಕೊಡಬಹುದೆ?

ಉತ್ತರ: ಮೊದಲು ಲೈಸೆನ್ಸ್, ಆಮೇಲೆ ತೋಟಾ. ನಿಮ್ಮಂತೆ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ ಎನ್ನುತ್ತದೆ ಅಮೆರಿಕದ ಫೆಡರಲ್ ಕಾನೂನು. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಅದು ಕೈಗೆ ಬರುವವರೆಗೆ ನೆರೆಯವರ ರೈಫಲ್ ಅವರ ಮನೆಯಲ್ಲೇ ಇರಲಿ.

ಇನ್ನು ಗುಂಡು. ಗಟ್ಟಿ ಲೋಹದ ಕವಚ ಪೂರ್ತಿ ಮುಚ್ಚಿರುವ, ಅಗ್ಗದ ಅಭ್ಯಾಸದ ಗುಂಡನ್ನು ಬೇಟೆಗೆ ಒಯ್ಯಲೇಬೇಡಿ. ಅದು ಅರಳದೆ ಸಣ್ಣ ತೂತು ಮಾಡಿ ಆಚೆ ಹೋಗಿಬಿಡಬಹುದು; ಗಾಯಗೊಂಡ ಜಿಂಕೆ ಕಾಡಿನೊಳಗೆ ಓಡಿ ಗಂಟೆಗಟ್ಟಲೆ ನರಳುತ್ತದೆ. ಬೇಕಾದ್ದು ಒಳಹೊಕ್ಕೊಡನೆ ಅರಳುವ ಗುಂಡು. ಬಿಳಿಬಾಲದ ಜಿಂಕೆಗೆ .308ರಲ್ಲಿ 150 ಗ್ರೇನ್, ಅಂದರೆ ಹತ್ತು ಗ್ರಾಂಗೆ ತುಸು ಕಡಿಮೆ ತೂಕ, ಧಾರಾಳ ಸಾಕು.

ಅರಳುವ ಗುಂಡಿನಲ್ಲೂ ಎರಡು ಬಗೆ. ಸೀಸದ ಗುಂಡು ಅರಳುವಾಗ ಚೂರಾಗುತ್ತದೆ. ಕಣ್ಣಿಗೆ ಕಾಣದ, ನಾಲಗೆಗೂ ತಿಳಿಯದ ಚೂರುಗಳು ಗಾಯದಿಂದ ದೂರದ ಮಾಂಸದಲ್ಲೂ ಸೇರಿಕೊಳ್ಳುತ್ತವೆ, ಎಕ್ಸ್‌ರೇಯಲ್ಲಿ ಮಾತ್ರ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ದಾನ ಬಂದಿದ್ದ ಜಿಂಕೆ ಕೈಮಾದಲ್ಲಿ ಸೀಸ ಪತ್ತೆಯಾಗಿ, ಅದನ್ನು ಬಡವರಿಗೆ ಹಂಚಬೇಡಿ ಎಂದು ಅಧಿಕಾರಿಗಳೇ ಹೇಳಬೇಕಾಯಿತು. ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲ. ಹಾಗಾಗಿ ನಿಮ್ಮ ಮನೆಗೆ ತಾಮ್ರದ ಗುಂಡೇ ಸರಿ. ಬೆಲೆ ಹೆಚ್ಚು, ಆದರೆ ಅದು ಹೂವಿನಂತೆ ಅರಳಿದರೂ ಬಹುತೇಕ ಇಡಿಯಾಗಿಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ.

ತೋಟಾದ ತಳದಲ್ಲಿರುವ ಹೆಸರು, ನಳಿಗೆಯ ಮೇಲಿನ ಹೆಸರು ಒಂದೇ ಇರಬೇಕು, ಹೋಲುವುದು ಸಾಲದು. ಒಂದೊಂದು ರೈಫಲ್‌ಗೆ ಒಂದೊಂದು ತೋಟಾ ಒಗ್ಗುತ್ತದೆ. ಎರಡು ಮೂರು ಕಂಪನಿಯವನ್ನು ಕೊಂಡು, ನೆರೆಯವರ ಜೊತೆ ಶೂಟಿಂಗ್ ರೇಂಜ್‌ನಲ್ಲಿ ನೂರು ಗಜದಿಂದ ಹೊಡೆದು ನೋಡಿ. ಮುಂಗಾಲಿನ ಹಿಂದೆ, ಎದೆಗೂಡಿನಲ್ಲಿ ಹೃದಯ ಶ್ವಾಸಕೋಶಗಳಿರುವ ಜಾಗ ಒಂದು ಗೇಣಗಲ. ಅಷ್ಟರೊಳಗೆ ಪ್ರತಿ ಗುಂಡೂ ಬೀಳುವವರೆಗೆ ಅಭ್ಯಾಸ ಮಾಡಿ. ನವೆಂಬರ್‌ನೊಳಗೆ ಕೈ ಕೂರದಿದ್ದರೆ ಈ ವರ್ಷ ನೆರೆಯವರ ಜೊತೆ ಬರಿಗೈಯಲ್ಲಿ ಹೋಗಿ ನೋಡಿ ಬನ್ನಿ, ಟ್ರಿಗರ್ ಮುಂದಿನ ವರ್ಷಕ್ಕಿರಲಿ.