ಮನೆಯಂಗಳದಲ್ಲಿ ನಿಂಬೆ ಥೈಮ್

ಗಲ್ಫ್‌ನಿಂದ ಮರಳಿದವರ ಮನೆಗಳಲ್ಲಿ ಝಅತರ್ ಪುಡಿ ಹೊಸದೇನಲ್ಲ. ಆ ಪುಡಿಯಲ್ಲಿರುವ ಸೊಪ್ಪಿನ ಹತ್ತಿರದ ನೆಂಟ ಥೈಮ್. ತುಳಸಿ, ಪುದೀನ ಕೂಡಾ ಇದೇ ಕುಟುಂಬದವು. ಯುನಾನಿಯಲ್ಲಿ ಥೈಮನ್ನು ‘ಹಾಶಾ’ ಎನ್ನುತ್ತೇವೆ. ಇದರ ಮಿಝಾಜ್ ಉಷ್ಣ ಮತ್ತು ಶುಷ್ಕ. ಆದ್ದರಿಂದ ಕಫದ ಕೆಮ್ಮಿಗೆ, ಹೊಟ್ಟೆಯುಬ್ಬರಕ್ಕೆ ಬಳಸುವುದುಂಟು. ನಿಂಬೆ ಪರಿಮಳದ ಥೈಮ್‌ನಲ್ಲಿ ಘಾಟು ಕಡಿಮೆ, ಮನೆಮಂದಿಗೆಲ್ಲ ಹಿಡಿಸುತ್ತದೆ.

ಬೆಳೆಸುವುದು ಹೇಗೆ?

ಬೀಜದಿಂದ ಬೆಳೆಸಿದರೆ ಅದೇ ಪರಿಮಳ ಬರುವ ಖಾತ್ರಿಯಿಲ್ಲ. ನರ್ಸರಿಯಿಂದ ಗಿಡ ತನ್ನಿ ಅಥವಾ ಬೆರಳುದ್ದದ ಕುಡಿಯ ಕೆಳಗಿನ ಎಲೆ ತೆಗೆದು ತೇವದ ಮರಳಿನಲ್ಲಿ ನೆಟ್ಟು ನೆರಳಲ್ಲಿಡಿ. ಬೇರು ಬಂದ ಮೇಲೆ ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ. ಅರ್ಧ ಮಣ್ಣು, ಅರ್ಧ ದಪ್ಪ ಮರಳು, ಒಂದು ಹಿಡಿ ಹಳೆಯ ಗೊಬ್ಬರ ಸಾಕು. ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೇಕು.

ಈ ಗಿಡ ಸಾಯುವುದು ಹೆಚ್ಚಾಗಿ ನೀರು ಕಡಿಮೆಯಾಗಿ ಅಲ್ಲ, ಹೆಚ್ಚಾಗಿ. ಮೇಲ್ಮಣ್ಣು ಒಣಗಿದ ನಂತರವೇ ನೀರೆರೆಯಿರಿ. ವುಝೂ ಮಾಡಿದ ನೀರು ಹರಿಯುವಲ್ಲಿ ಪುದೀನ ಚೆನ್ನಾಗಿ ಬೆಳೆಯುತ್ತದೆ. ಥೈಮ್ ಅಲ್ಲಿ ಬೇಡ, ಬೇರು ಕೊಳೆಯುತ್ತದೆ. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಂಡವನ್ನು ಮಳೆ ಬೀಳದ, ಬೆಳಕಿರುವ ಜಗಲಿಗೆ ತನ್ನಿ. ಹೊಸದಾಗಿ ನೆಡಲು ಮಳೆ ನಿಂತ ನಂತರದ ದಿನಗಳು ಸೂಕ್ತ. ಎಳೆಯ ಕುಡಿಗಳನ್ನು ಆಗಾಗ ಚಿವುಟುತ್ತಿದ್ದರೆ ಗಿಡ ಪೊದೆಯಾಗುತ್ತದೆ.

ಬಳಸುವುದು ಹೇಗೆ?

ಒಂದು ಚಮಚ ಎಲೆಯನ್ನು ತೊಳೆದು, ಒಂದು ಲೋಟ ಕುದಿವ ನೀರಿಗೆ ಹಾಕಿ 5 ನಿಮಿಷ ಮುಚ್ಚಿಡಿ. ಮುಚ್ಚದಿದ್ದರೆ ಪರಿಮಳದ ತೈಲ ಹಬೆಯೊಂದಿಗೆ ಹೋಗಿಬಿಡುತ್ತದೆ. ಸೋಸಿ, ಉಗುರುಬೆಚ್ಚಗಾದ ಮೇಲೆ ಜೇನು ಸೇರಿಸಿ. ಮೀನು, ಕೋಳಿ ಸುಡುವಾಗಲೂ ಈ ಎಲೆ ರುಚಿ ಕೊಡುತ್ತದೆ.

ಎಚ್ಚರವಿರಲಿ

1 ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಬಾಟಲಿಯಲ್ಲಿ ಸಿಗುವ ಥೈಮ್ ಎಣ್ಣೆ ಎಲೆಗಿಂತ ಬಹಳ ತೀಕ್ಷ್ಣ. ಅದನ್ನು ಮಗುವಿನ ಬಾಯಿಗಾಗಲಿ ಮೂಗಿಗಾಗಲಿ ಹಾಕಬೇಡಿ. ಗರ್ಭಿಣಿಯರು, ನಿತ್ಯ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿಯೇ ಕಷಾಯ ಕುಡಿಯಲಿ.

ಕೆಮ್ಮುವ ಮಗು ಏದುಸಿರು ಬಿಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ಹಾಲು ಕುಡಿಯಲಾಗದಿದ್ದರೆ ಕಷಾಯ ಕಾಯಿಸುತ್ತಾ ಕೂರಬೇಡಿ. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾಗಿದೆ, ಬೆಳಗಾಗಲಿ ಎಂದು ಕಾಯಬೇಡಿ. ಶಿಫಾ ನೀಡುವವನು ಅಲ್ಲಾಹನು; ಚಿಕಿತ್ಸೆಗೆ ತಡಮಾಡದಿರುವುದು ನಮ್ಮ ಹೊಣೆ.