ಹಿಮದಿಂದ ಇಳಿದ ಮೇಲೆ ಊಟವೆಲ್ಲಿ?

ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗಕ್ಕೆ ಹೊರಡುವ ದೆಹಲಿ, ಮುಂಬಯಿ, ಪುಣೆಗಳ ಕನ್ನಡ ಕುಟುಂಬಗಳು ಉಣ್ಣೆಯ ಬಟ್ಟೆ, ಕೈಗವಸು, ಬೂಟುಗಳ ಬಗ್ಗೆ ಮುಂಚಿತವಾಗಿಯೇ ಸಾಕಷ್ಟು ವಿಚಾರಿಸಿಕೊಂಡಿರುತ್ತವೆ. ಇಡೀ ದಿನ ಹಿಮದ ಮೇಲೆ ಜಾರಿ, ಬಿದ್ದು, ಎದ್ದು, ಸಂಜೆ ಕೆಳಗಿಳಿದ ಮೇಲೆ ಎಲ್ಲಿ ಉಣ್ಣಬೇಕು, ಏನನ್ನು ಉಣ್ಣಬೇಕು ಎಂಬ ಪ್ರಶ್ನೆ ಮಾತ್ರ ಹಸಿವಾದಾಗಲೇ ನೆನಪಾಗುತ್ತದೆ. ಅದು ಕೇವಲ ನಾಲಗೆಯ ಪ್ರಶ್ನೆಯೆಂದು ಭಾವಿಸುವವರೇ ಹೆಚ್ಚು. ಎತ್ತರ, ಚಳಿ, ದಣಿವು ಈ ಮೂರೂ ಕೂಡಿದಲ್ಲಿ ಅದು ಆರೋಗ್ಯದ ಪ್ರಶ್ನೆಯಾಗುತ್ತದೆ. ಮಧುಮೇಹವುಳ್ಳವರಿಗೆ ಒಮ್ಮೊಮ್ಮೆ ಪ್ರಾಣದ ಪ್ರಶ್ನೆಯೂ ಆಗಬಹುದು.

ಗುಲ್ಮಾರ್ಗವು ಶ್ರೀನಗರದಿಂದ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿ, ಬಟ್ಟಲಿನ ಆಕಾರದ ಹುಲ್ಲುಗಾವಲಿನಲ್ಲಿದೆ. ಹೊಸಬರು ಸ್ಕೀ ಆಟವನ್ನು ಕಲಿಯುವುದು ಈ ಬಟ್ಟಲಿನ ಇಳಿಜಾರುಗಳಲ್ಲಿಯೇ. ನುರಿತವರನ್ನು ಗೊಂಡೋಲಾ ಎಂಬ ತೂಗುಗಾಡಿ ಇನ್ನೂ ಮೇಲಕ್ಕೆ ಒಯ್ಯುತ್ತದೆ. 1998ರಲ್ಲಿ ಆರಂಭವಾದ ಅದರ ಮೊದಲ ಹಂತ ಕೊಂಗ್ಡೂರಿಯವರೆಗೆ, 2005ರಲ್ಲಿ ಆರಂಭವಾದ ಎರಡನೆಯ ಹಂತ ಅಫರ್ವಾತ್ ಪರ್ವತದ ಮೇಲೆ ಸುಮಾರು 3,950 ಮೀಟರ್‌ವರೆಗೆ ಏರುತ್ತದೆ. ಗುಲ್ಮಾರ್ಗದಲ್ಲಿ ಗಾಳಿಯ ಒತ್ತಡ ಮುಂಬಯಿಯ ಕಡಲತೀರದ ಮುಕ್ಕಾಲು ಭಾಗದಷ್ಟು ಮಾತ್ರ. ತುದಿಯಲ್ಲಿ ಐದರಲ್ಲಿ ಮೂರು ಭಾಗಕ್ಕಿಂತ ಸ್ವಲ್ಪವೇ ಹೆಚ್ಚು.

ಇಂಥಲ್ಲಿ ದೇಹವು ಎರಡು ವಸ್ತುಗಳನ್ನು ಸದ್ದಿಲ್ಲದೆ ಕಳೆದುಕೊಳ್ಳುತ್ತದೆ. ಮೊದಲನೆಯದು ನೀರು. ಶೀತಲವಾದ ಒಣಗಾಳಿಯನ್ನು ಏದುಸಿರಿನಿಂದ ಎಳೆದುಕೊಳ್ಳುವಾಗ ಪ್ರತಿ ಉಸಿರಿನೊಡನೆಯೂ ತೇವ ಹೊರಹೋಗುತ್ತದೆ. ಚಳಿಯಲ್ಲಿ ಮೂತ್ರವೂ ಹೆಚ್ಚು. ಹೀಗಿದ್ದೂ ಬಾಯಾರಿಕೆ ತೋರುವುದಿಲ್ಲ. ಚಳಿಯು ಅದನ್ನು ಅಡಗಿಸಿಬಿಡುತ್ತದೆ. ಎರಡನೆಯದು ಸ್ನಾಯುಗಳಲ್ಲಿ ಶೇಖರವಾಗಿರುವ ಪಿಷ್ಟರೂಪದ ಇಂಧನ, ಅಂದರೆ ಗ್ಲೈಕೋಜನ್. 70 ಕಿಲೋ ತೂಕದವರೊಬ್ಬರು ಮಧ್ಯಮ ಗತಿಯಲ್ಲಿ ಒಂದು ಗಂಟೆ ಸ್ಕೀ ಮಾಡಿದರೆ 350ರಿಂದ 400 ಕ್ಯಾಲೊರಿಗಳಷ್ಟು ಶಕ್ತಿ ವ್ಯಯವಾಗುತ್ತದೆ. ಭಾರವಾದ ಬೂಟು ತೊಟ್ಟು, ಹಲಗೆಗಳನ್ನು ಹೊತ್ತು ಇಳಿಜಾರನ್ನು ಮತ್ತೆ ಮತ್ತೆ ಕಾಲ್ನಡಿಗೆಯಲ್ಲಿ ಏರುವ ಹೊಸಬರ ಶ್ರಮ ನುರಿತವರದಕ್ಕಿಂತ ಕಡಿಮೆಯೇನಲ್ಲ.

ಆದಕಾರಣ ಮೊದಲ ಆಹಾರಕ್ಕೆ ಹೆಸರಾಂತ ಭೋಜನಶಾಲೆಯನ್ನು ಹುಡುಕುತ್ತ ಹೋಗುವುದು ಸಲ್ಲದು. ಆಟ ಮುಗಿದ ಒಂದು ಗಂಟೆಯೊಳಗೆ, ಇಳಿಜಾರಿನ ಬುಡದಲ್ಲಿಯೇ ಇರುವ ಚಹಾದಂಗಡಿಯೇ ಅದಕ್ಕೆ ಸರಿಯಾದ ಸ್ಥಳ. ಅಲ್ಲಿ ದೊರೆಯುವ ಕಹ್ವಾ ಎಂಬ ಪಾನೀಯ ಹಸಿರು ಚಹಾ ಎಲೆ, ಏಲಕ್ಕಿ, ದಾಲ್ಚಿನ್ನಿ, ಕೇಸರಿಗಳನ್ನು ಕುದಿಸಿ, ಬಾದಾಮಿಯ ಚೂರು ಉದುರಿಸಿ ಕೊಡುವಂಥದು. ನೀರು, ಬಿಸಿ, ತುಸು ಸಕ್ಕರೆ ಮೂರೂ ಅದರಲ್ಲುಂಟು. ಜೊತೆಗೆ ಕಾಂದೂರ್ ಎಂಬ ರೊಟ್ಟಿಗಾರನ ಒಲೆಯಿಂದ ಬಂದ ಗಿರ್ದಾ ರೊಟ್ಟಿಯಿದ್ದರೆ ಆ ಹೊತ್ತಿಗೆ ಸಾಕು. ನೂನ್ ಚಾಯ್ ಎಂಬ ಗುಲಾಬಿ ಬಣ್ಣದ ಉಪ್ಪಿನ ಚಹಾ ಕಾಶ್ಮೀರಿಗಳಿಗೆ ಅಚ್ಚುಮೆಚ್ಚು. ಆದರೆ ಅದಕ್ಕೆ ಉಪ್ಪನ್ನೂ ಸೋಡಾವನ್ನೂ ಹಾಕಿರುತ್ತಾರಾದ್ದರಿಂದ ರಕ್ತದೊತ್ತಡವಿರುವವರು ರುಚಿಗೆಂದು ಒಂದು ಬಟ್ಟಲು ಕುಡಿದು ನಿಲ್ಲಿಸುವುದು ಲೇಸು. ಫಿಲ್ಟರ್ ಕಾಫಿಯ ಆಸೆಯನ್ನು ಶ್ರೀನಗರಕ್ಕೆ ಬರುವ ಮುನ್ನವೇ ಬಿಟ್ಟುಬರುವುದು ಒಳ್ಳೆಯದು.

ರಾತ್ರಿಯ ಊಟಕ್ಕೆ ಎರಡು ದಾರಿಗಳುಂಟು: ಪೇಟೆಯ ಧಾಬಾಗಳು, ತಂಗಿದ ಹೋಟೆಲಿನ ಭೋಜನಶಾಲೆ. ಜನವರಿಯಲ್ಲಿ ಆರು ಗಂಟೆಗೆ ಮೊದಲೇ ಸೂರ್ಯಾಸ್ತವಾಗುತ್ತದೆ. ದಾರಿಯ ಹಿಮ ಗಾಜಿನಂತೆ ಗಟ್ಟಿಯಾಗುತ್ತದೆ. ದಿನವಿಡೀ ಬೀಳದೆ ಸ್ಕೀ ಮಾಡಿದವರು ರಾತ್ರಿ ಊಟಕ್ಕೆ ನಡೆದುಹೋಗುವಾಗ ಜಾರಿ ಮಣಿಕಟ್ಟು ಮುರಿದುಕೊಳ್ಳಬಹುದಾದ ಹೊತ್ತು ಅದು. ಧಾಬಾಕ್ಕೆ ಹೋಗುವುದಾದರೆ ಬೆಳಕಿರುವಾಗಲೇ ಹೋಗಿ ಉಂಡು ಬರಬೇಕು. ವಯಸ್ಸಾದವರಿಗೆ ಹೋಟೆಲಿನ ಊಟವೇ ಕ್ಷೇಮ.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವ ಭಯವಿಲ್ಲ. ಕಾಶ್ಮೀರಿಗಳ ಮುಖ್ಯ ಆಹಾರವೂ ಅನ್ನವೇ. ‘ಬತ್ತ’ ಎಂದು ಅವರು ಕರೆಯುವುದು ನಮ್ಮ ಗದ್ದೆಯ ಭತ್ತವನ್ನಲ್ಲ, ತಟ್ಟೆಯಲ್ಲಿನ ಅನ್ನವನ್ನು. ಅದರೊಡನೆ ಹಾಖ್ ಎಂಬ ಸೊಪ್ಪು, ನದ್ರು ಎಂಬ ತಾವರೆದಂಟಿನ ಪಲ್ಯ, ದಮ್ ಆಲೂ ಇವುಗಳು ಸಿಕ್ಕರೆ ಬಿಡಬಾರದು. ಪಂಜಾಬಿ ರೀತಿಯ ಧಾಬಾಗಳಲ್ಲಿ ದಾಲ್, ರೊಟ್ಟಿ, ರಾಜ್ಮಾ-ಅನ್ನ ದೊರೆಯುತ್ತವೆ. ರಾಜ್ಮಾದ ಬಗ್ಗೆ ಒಂದು ಎಚ್ಚರಿಕೆ. ಈ ಎತ್ತರದಲ್ಲಿ ನೀರು 100 ಡಿಗ್ರಿಗೆ ಬದಲು ಸುಮಾರು 91 ಡಿಗ್ರಿಯಲ್ಲೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಕಾಳು ಸರಿಯಾಗಿ ಬೇಯಲು ಬಹಳ ಹೊತ್ತು ಬೇಕು. ಅರೆಬೆಂದ ರಾಜ್ಮಾದಲ್ಲಿ ಉಳಿಯುವ ವಿಷಾಂಶ ಕೆಲವೇ ಗಂಟೆಗಳಲ್ಲಿ ವಾಂತಿ, ಭೇದಿಗಳನ್ನು ತರುತ್ತದೆ. ಬೆರಳಿನಿಂದ ಒತ್ತಿದರೆ ಬೆಣ್ಣೆಯಂತೆ ಮೆತ್ತಗಾಗುವ ಕಾಳನ್ನೇ ತಿನ್ನಬೇಕು. ಅಡುಗೆಮನೆಯಿಂದ ಪ್ರೆಷರ್ ಕುಕ್ಕರಿನ ಸೀಟಿ ಕೇಳಿಸುವ ಧಾಬಾವನ್ನು ನಂಬಬಹುದು.

ಮಾಂಸಾಹಾರಿಗಳನ್ನು ಸೆಳೆಯುವುದು ವಾಜ್ವಾನ್. ತಾಮ್ರದ ದೊಡ್ಡ ತಟ್ಟೆಯ ಸುತ್ತ ನಾಲ್ವರು ಕುಳಿತು ಉಣ್ಣುವ ಈ ಔತಣದಲ್ಲಿ ರೋಗನ್ ಜೋಶ್, ರಿಸ್ತಾ, ಕೊನೆಗೆ ಗುಶ್ತಾಬಾ ಬರುತ್ತವೆ. ಅದು ದೊಡ್ಡ ಕಲೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸ್ಕೀ ಮಾಡಿದ ದಿನದ ಊಟ ಅದಲ್ಲ. ಕೊಬ್ಬು ಜಠರದಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಎತ್ತರದಲ್ಲಿ ಮೊದಲೇ ಮಂದವಾದ ಹಸಿವು ಇನ್ನೂ ಕೆಡುತ್ತದೆ. ಮೇಲಾಗಿ ಪಿಷ್ಟವನ್ನು ಉರಿಸಲು ಕೊಬ್ಬಿಗಿಂತ ಕಡಿಮೆ ಆಮ್ಲಜನಕ ಸಾಕು. ವಾಜ್ವಾನನ್ನು ಶ್ರೀನಗರದಲ್ಲಿ ವಿರಾಮದ ದಿನಕ್ಕೆ ಇಟ್ಟುಕೊಂಡು, ಗುಲ್ಮಾರ್ಗದಲ್ಲಿ ಮೊಸರಿನಲ್ಲಿ ಬೇಯಿಸಿದ ಯಖ್ನಿಯ ನಾಲ್ಕು ತುಂಡು, ತುಂಬ ಅನ್ನ ಎಂಬಷ್ಟಕ್ಕೆ ತೃಪ್ತಿಪಡುವುದು ವಿವೇಕ.

ಊಟಕ್ಕೆ ಮೊದಲು ಚಳಿ ಬಿಡಿಸಲೆಂದು ಮದ್ಯ ಸೇವಿಸುವ ಪದ್ಧತಿ ಕೆಲವರಲ್ಲುಂಟು. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬಿಸಿಯಾದಂತೆ ತೋರುತ್ತದೆ. ವಾಸ್ತವವಾಗಿ ಒಳಗಿನ ಶಾಖವೇ ಹೊರಗೆ ಸೋರಿಹೋಗುತ್ತಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಅದು ರಕ್ತದ ಸಕ್ಕರೆಯನ್ನೂ ಇಳಿಸಬಲ್ಲದು.

ಮಧುಮೇಹಿಗಳ ವಿಷಯ ಇಲ್ಲಿಯೇ ಬರುತ್ತದೆ. ಬರಿದಾದ ಸ್ನಾಯುಗಳು ಆಟ ನಿಂತ ಮೇಲೂ ಅನೇಕ ಗಂಟೆಗಳ ಕಾಲ ರಕ್ತದಿಂದ ಸಕ್ಕರೆಯನ್ನು ಹೀರುತ್ತಲೇ ಇರುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ದಣಿವಿನಿಂದ ಊಟ ಬಿಟ್ಟು ಮಲಗಿದರೆ ನಡುರಾತ್ರಿಯಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಗೊಂದಲದ ಮಾತು ಅದರ ಚಿಹ್ನೆಗಳು. ಹೊದ್ದು ಮಲಗಿದವರ ನಡುಕವನ್ನು ಪಕ್ಕದವರು ಚಳಿಯದೆಂದು ತಿಳಿದು ಇನ್ನೊಂದು ಕಂಬಳಿ ಹೊದಿಸಿ ಸುಮ್ಮನಾಗಿಬಿಡುವ ಸಂಭವವಿದೆ. ಔಷಧದ ಪ್ರಮಾಣವನ್ನು ಪ್ರಯಾಣಕ್ಕೆ ಮೊದಲೇ ವೈದ್ಯರೊಡನೆ ಗೊತ್ತುಮಾಡಿಕೊಳ್ಳಬೇಕು. ಮಲಗುವ ಮುನ್ನ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಬೇಕು. ತಲೆದಿಂಬಿನ ಬಳಿ ಗ್ಲೂಕೋಸ್ ಇರಬೇಕು. ಇನ್ಸುಲಿನ್ನನ್ನು ಹೊರಚೀಲದಲ್ಲಿ ಇಡದೆ ಅಂಗಿಯ ಒಳಜೇಬಿನಲ್ಲಿ ಒಯ್ಯಬೇಕು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಉಪಯೋಗಕ್ಕೆ ಬಾರದು.

ಊಟ ಮುಂದಿಟ್ಟಾಗ ಬೇಡವೆನ್ನುವವರನ್ನೂ ಗಮನಿಸಬೇಕು, ಮುಖ್ಯವಾಗಿ ಮಕ್ಕಳನ್ನು. ತಲೆನೋವು, ವಾಕರಿಕೆಗಳೊಡನೆ ಹಸಿವಿಲ್ಲದಿದ್ದರೆ ಅದು ಎತ್ತರದ ಕಾಯಿಲೆಯ ಆರಂಭವಾಗಿರಬಹುದು. ಬುಖಾರಿ ಒಲೆಯೋ ಕೆಂಡದ ಕಾಂಗ್ಡಿಯೋ ಇರುವ ಮುಚ್ಚಿದ ಕೋಣೆಯಲ್ಲಿ ವಿಷಾನಿಲ ತುಂಬಿದರೂ ಇವೇ ಲಕ್ಷಣಗಳು ತೋರುತ್ತವೆ. ಆದ್ದರಿಂದ ಮೊದಲು ಅವರನ್ನು ಹೊರಗೆ ಕರೆತಂದು ಬಾಗಿಲು ಕಿಟಕಿಗಳನ್ನು ತೆರೆಯಬೇಕು. ಆಮೇಲೂ ತಲೆನೋವು ಉಳಿದರೆ ಮರುದಿನ ಗೊಂಡೋಲಾ ಹತ್ತಿಸಕೂಡದು. ವಾಂತಿ, ತೂರಾಟ, ಕುಳಿತಲ್ಲೇ ಏದುಸಿರು ಕಂಡರೆ ಬೆಳಗಾಗಲೆಂದು ಕಾಯದೆ, ಚಕ್ರಗಳಿಗೆ ಸರಪಳಿ ಬಿಗಿದ ವಾಹನವನ್ನು ಗೊತ್ತುಮಾಡಿ, 13 ಕಿಲೋಮೀಟರ್ ಕೆಳಗಿನ ತಂಗ್‌ಮಾರ್ಗದ ಕಡೆಗೆ ಇಳಿಸಿ ವೈದ್ಯರಿಗೆ ತೋರಿಸಬೇಕು.