ತೂಕ ಇಳಿಸುವ ಚಿಕಿತ್ಸೆಗೆ ವಿಮೆ ಸಿಗುತ್ತದೆಯೇ?

ಬೊಜ್ಜು ಕರಗಿಸಲು ಡಯಟಿಷಿಯನ್ ಬಳಿ ಹೋದರೂ, ಜಿಮ್ ಸೇರಿದರೂ, ವಾರಕ್ಕೊಂದು ಇಂಜೆಕ್ಷನ್ ಚುಚ್ಚಿಕೊಂಡರೂ ಖರ್ಚು ಸಾಮಾನ್ಯವಾಗಿ ನಮ್ಮದೇ. ಅದೇ ಬೊಜ್ಜಿನಿಂದ ಹೃದಯ ಕೆಟ್ಟು ಆಸ್ಪತ್ರೆ ಸೇರಿದರೆ ವಿಮಾ ಕಂಪನಿ ಲಕ್ಷಗಟ್ಟಲೆ ಬಿಲ್ ಕಟ್ಟುತ್ತದೆ. ನಮ್ಮಲ್ಲಿ ಹೆಚ್ಚಿನ ಆರೋಗ್ಯ ವಿಮೆಗಳು ಹಣ ಕೊಡುವುದು ಕನಿಷ್ಠ 24 ಗಂಟೆ ಆಸ್ಪತ್ರೆಯಲ್ಲಿ ದಾಖಲಾದಾಗ, ಇಲ್ಲವೇ ಡೇ ಕೇರ್ ಚಿಕಿತ್ಸೆ ಪಡೆದಾಗ. ಹಾಗೆಂದು ತೂಕಕ್ಕೆ ಸಂಬಂಧಪಟ್ಟ ಯಾವುದಕ್ಕೂ ದುಡ್ಡು ಸಿಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಶಸ್ತ್ರಚಿಕಿತ್ಸೆಯ ಮಟ್ಟಿಗೆ ಅದು ನಿಜವಲ್ಲ.

ನಿಯಮದಲ್ಲಿ ಏನಿದೆ?

ವಿಮಾ ನಿಯಂತ್ರಣ ಪ್ರಾಧಿಕಾರ (ಐಆರ್‌ಡಿಎಐ) 2019ರ ಸೆಪ್ಟೆಂಬರ್‌ನಲ್ಲಿ, ಪಾಲಿಸಿಯಿಂದ ಹೊರಗಿಡಬಹುದಾದ ಖರ್ಚುಗಳಿಗೆ ಎಲ್ಲ ಕಂಪನಿಗಳೂ ಬಳಸಬೇಕಾದ ಒಂದೇ ಒಕ್ಕಣೆಯನ್ನು ಗೊತ್ತುಮಾಡಿತು. ಬೊಜ್ಜು ಮತ್ತು ತೂಕ ನಿಯಂತ್ರಣದ ವಿಷಯ ಕೋಡ್ 06ರಲ್ಲಿದೆ. ಅದರ ಪ್ರಕಾರ, ಈ ಷರತ್ತುಗಳೆಲ್ಲ ಪೂರೈಸಿದ್ದರೆ ಬೊಜ್ಜಿನ ಶಸ್ತ್ರಚಿಕಿತ್ಸೆಯನ್ನು ಹೊರಗಿಡುವಂತಿಲ್ಲ:

1. ವೈದ್ಯರ ಸಲಹೆಯ ಮೇರೆಗೇ ಶಸ್ತ್ರಚಿಕಿತ್ಸೆ ನಡೆದಿರಬೇಕು.
2. ಅದಕ್ಕೆ ಒಪ್ಪಿತ ವೈದ್ಯಕೀಯ ಪದ್ಧತಿಯ ಆಧಾರ ಇರಬೇಕು.
3. ರೋಗಿಗೆ 18 ವರ್ಷ ತುಂಬಿರಬೇಕು.
4. ಬಿಎಂಐ (ಕೆ.ಜಿ. ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದಾಗ ಬರುವ ಸಂಖ್ಯೆ) 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು, ಜೊತೆಗೆ ಬೊಜ್ಜಿನಿಂದ ಬಂದ ಹೃದಯ ಸ್ನಾಯುವಿನ ಕಾಯಿಲೆ, ಹೃದಯದ ರಕ್ತನಾಳದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆ್ಯಪ್ನಿಯಾ, ಹತೋಟಿಗೆ ಬಾರದ ಟೈಪ್ 2 ಮಧುಮೇಹ ಇವುಗಳಲ್ಲಿ ಒಂದಾದರೂ ಇರಬೇಕು. ಈ 35ರ ಗುಂಪಿನವರು ಶಸ್ತ್ರಚಿಕಿತ್ಸೆಗಿಂತ ಸೌಮ್ಯವಾದ ವಿಧಾನಗಳಿಂದ ತೂಕ ಇಳಿಸಲು ಯತ್ನಿಸಿ ವಿಫಲರಾಗಿರಬೇಕು.

165 ಸೆಂ.ಮೀ. ಎತ್ತರದವರ ಲೆಕ್ಕ ನೋಡಿ. ಬಿಎಂಐ 40 ಮುಟ್ಟಲು ಅವರು ಸುಮಾರು 109 ಕೆ.ಜಿ. ತೂಗಬೇಕು, 35ಕ್ಕೆ ಸುಮಾರು 95.3 ಕೆ.ಜಿ. ತೂಕ 94.5 ಇದ್ದರೆ ಬಿಎಂಐ 34.7 ಆಗುತ್ತದೆ, ಮಧುಮೇಹ ಎಷ್ಟೇ ಕೆಟ್ಟಿದ್ದರೂ ಈ ಷರತ್ತಿನಡಿ ಕ್ಲೇಮ್ ನಿಲ್ಲುವುದಿಲ್ಲ. ಆದ್ದರಿಂದ ಎತ್ತರ ಮತ್ತು ತೂಕ ಎರಡನ್ನೂ ಒಂದೇ ದಿನ ಅಳೆದು, ತಾರೀಖಿನೊಂದಿಗೆ ಕೇಸ್ ಶೀಟ್‌ನಲ್ಲಿ ಬರೆಯುವಂತೆ ಆಸ್ಪತ್ರೆಯವರನ್ನು ಕೇಳಿ.

ಇವಕ್ಕೆ ಹಣವಿಲ್ಲ

ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಶಸ್ತ್ರಚಿಕಿತ್ಸೆ, ಸ್ಪಾ ಮತ್ತು ಪ್ರಕೃತಿ ಚಿಕಿತ್ಸಾ ಕೇಂದ್ರಗಳ ವಾಸ, ಚೀಟಿಯಿಲ್ಲದೆ ಕೊಳ್ಳಬಹುದಾದ ಪೂರಕ ಆಹಾರ ಇವನ್ನು ಅದೇ ನಿಯಮಾವಳಿಯ ಬೇರೆ ಕೋಡ್‌ಗಳು ಹೊರಗಿಡುತ್ತವೆ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್‌ಗಳನ್ನು ಮನೆಯಲ್ಲೇ ತೆಗೆದುಕೊಳ್ಳುವುದರಿಂದ ಅವು ಹೊರರೋಗಿ ಖರ್ಚಿಗೆ ಸೇರುತ್ತವೆ. ಪಾಲಿಸಿಯಲ್ಲಿ ಒಪಿಡಿ ಸೌಲಭ್ಯವಿದ್ದರೆ ಈ ಔಷಧಿಗಳಿಗೂ ಅನ್ವಯಿಸುತ್ತದೆಯೇ ಎಂದು ಲಿಖಿತವಾಗಿ ಕೇಳಿ.

ಪಾಲಿಸಿ ಕೊಳ್ಳುವಾಗ

ಪ್ರಸ್ತಾವನಾ ಅರ್ಜಿಯಲ್ಲಿ ತೂಕ, ಸಕ್ಕರೆ ಕಾಯಿಲೆ, ಬಿಪಿ ಮುಚ್ಚಿಡಬೇಡಿ. ಪ್ರೀಮಿಯಂ ಸ್ವಲ್ಪ ಹೆಚ್ಚಬಹುದು, ಆದರೆ ನಿಜ ಹೇಳಿದ್ದೇ ಮುಂದೆ ನಿಮ್ಮ ಬಲ. ಕಾಯಿಲೆ ಗೊತ್ತಿದ್ದೂ ಪಾಲಿಸಿ ಕೊಟ್ಟ ಕಂಪನಿ, ಆಮೇಲೆ ಅದೇ ನೆಪದಲ್ಲಿ ಕ್ಲೇಮ್ ತಳ್ಳಿಹಾಕುವಂತಿಲ್ಲ ಎಂದು ಮನಮೋಹನ್ ನಂದಾ ಪ್ರಕರಣದಲ್ಲಿ (2021) ಸುಪ್ರೀಂ ಕೋರ್ಟ್ ಹೇಳಿದೆ.

ಕಾಯುವ ಅವಧಿಯನ್ನೂ ನೋಡಿಕೊಳ್ಳಿ. ಮೊದಲೇ ಇದ್ದ ಕಾಯಿಲೆಗೆ ಅದು 36 ತಿಂಗಳು ಮೀರುವಂತಿಲ್ಲ ಎಂಬುದು 2024ರ ನಿಯಮ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ಮೊತ್ತದ ಉಪಮಿತಿ ಇದೆಯೇ ಎಂಬುದನ್ನು ಪಾಲಿಸಿ ಜೊತೆ ಬರುವ ಗ್ರಾಹಕ ಮಾಹಿತಿ ಪತ್ರದಲ್ಲಿ ಹುಡುಕಿ. ಆ ಪತ್ರವನ್ನು ಕನ್ನಡದಲ್ಲೇ ಕೊಡಿ ಎಂದು ಕೇಳುವ ಹಕ್ಕು ನಿಮಗಿದೆ. ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ವಾಪಸ್ ಮಾಡಬಹುದು.

ಕ್ಲೇಮ್ ತಿರಸ್ಕರಿಸಿದರೆ

ಪಾಲಿಸಿಯ ಯಾವ ಷರತ್ತಿನಡಿ ತಿರಸ್ಕರಿಸಲಾಗಿದೆ ಎಂಬುದನ್ನು ಕಂಪನಿ ಪತ್ರದಲ್ಲಿ ತಿಳಿಸಲೇಬೇಕು. ಫೋನಿನಲ್ಲಿ ಹೇಳಿದ ಮಾತಿಗೆ ಸುಮ್ಮನಾಗಬೇಡಿ. ಆನಂತರದ ದಾರಿ ಹೀಗಿದೆ:

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ಕೊಡಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ, 155255 ಸಂಖ್ಯೆಗೆ ಕರೆ ಮಾಡಿಯೂ ದೂರು ದಾಖಲಿಸಬಹುದು.

ಒಂದು ತಿಂಗಳಾದರೂ ಉತ್ತರವಿಲ್ಲ, ಅಥವಾ ಉತ್ತರ ಸಮಾಧಾನ ತರಲಿಲ್ಲ ಎಂದಾದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಕರ್ನಾಟಕಕ್ಕೆ ಬೆಂಗಳೂರಿನಲ್ಲಿ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರೂ ಬೇಡ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆ ಆದೇಶಕ್ಕೆ ಕಂಪನಿ ಬದ್ಧ.

ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ದಾರಿ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಪ್ರೀಮಿಯಂ 5 ಲಕ್ಷ ದಾಟದಿದ್ದರೆ ಶುಲ್ಕವಿಲ್ಲ. ಆದರೆ ಆಯೋಗದಲ್ಲಿ ಕೇಸು ಬಾಕಿಯಿರುವಾಗ ಅದೇ ವಿಷಯವನ್ನು ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ.

ವಿಮೆ ಕೊಡಬೇಕೇ?

ಕಂಪನಿಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಪಾಲಿಸಿ ಸಾಮಾನ್ಯವಾಗಿ ವರ್ಷ ವರ್ಷಕ್ಕೆ ನವೀಕರಣವಾಗುವಂಥದ್ದು. ತೂಕ ಇಳಿದದ್ದರ ಲಾಭ ಕಾಣುವುದು ಹಲವು ವರ್ಷಗಳ ಮೇಲೆ. ಅಷ್ಟರಲ್ಲಿ ಗ್ರಾಹಕ ಬೇರೆ ಕಂಪನಿಗೆ ಪೋರ್ಟ್ ಆಗಿರಬಹುದು. ಎಲ್ಲರ ಜಿಮ್ ಶುಲ್ಕವನ್ನೂ ವಿಮೆಯೇ ಕಟ್ಟಿದರೆ ಪ್ರೀಮಿಯಂ ಏರಿ ಹೊರೆ ಎಲ್ಲರ ಮೇಲೂ ಬೀಳುತ್ತದೆ.

ಆದರೆ ಬಿಎಂಐ 35 ಮುಟ್ಟಿದ ಮಧುಮೇಹಿಗೆ ಇದೇ ನಿಯಮ ಏನು ಹೇಳುತ್ತಿದೆ? ಮೊದಲು ಸೌಮ್ಯ ವಿಧಾನದಲ್ಲಿ ತೂಕ ಇಳಿಸಲು ಯತ್ನಿಸು, ಸೋತರೆ ಬಾ ಎನ್ನುತ್ತದೆ. ಆ ಯತ್ನಕ್ಕೆ ಮಾತ್ರ ಕಾಸು ಕೊಡಿಸುವುದಿಲ್ಲ. ಆ ಯತ್ನ ಗೆದ್ದರೆ ಲಕ್ಷಗಳ ಶಸ್ತ್ರಚಿಕಿತ್ಸೆಯೇ ಉಳಿಯುತ್ತದೆ. ಎಲ್ಲರಿಗೂ ಅಲ್ಲದಿದ್ದರೂ, ನಿಯಮವೇ ಗುರುತಿಸಿದ ಈ ರೋಗಿಗಳಿಗಾದರೂ ವೈದ್ಯರ ನಿಗಾದಲ್ಲಿ ನಡೆಯುವ ತೂಕ ಇಳಿಕೆಯ ಖರ್ಚನ್ನು ವಿಮೆ ಭರಿಸಬೇಕು.

ಇದಕ್ಕೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಯೋಗ ಕೇಂದ್ರ, ಜಿಮ್ ಸದಸ್ಯತ್ವಕ್ಕೆ ವೋಚರ್ ಕೊಡಲು, ಆರೋಗ್ಯ ಕಾಪಾಡಿಕೊಂಡವರಿಗೆ ನವೀಕರಣದಲ್ಲಿ ರಿಯಾಯಿತಿ ನೀಡಲು 2020ರ ಐಆರ್‌ಡಿಎಐ ಮಾರ್ಗಸೂಚಿ ಕಂಪನಿಗಳಿಗೆ ಅವಕಾಶ ಕೊಟ್ಟಿದೆ. ಕಚೇರಿಯ ಗುಂಪು ವಿಮೆ ನಿಮಗಿದ್ದರೆ, ನವೀಕರಣದ ಮುನ್ನ ನೌಕರರ ಸಂಘದ ಮೂಲಕ ಈ ಸೌಲಭ್ಯ ಸೇರಿಸಲು ಎಚ್‌ಆರ್‌ಗೆ ಪತ್ರ ಬರೆಯಿರಿ. ವೈಯಕ್ತಿಕ ಪಾಲಿಸಿಯಾದರೆ ಡಯಟಿಷಿಯನ್ ಚೀಟಿ, ವೈದ್ಯರ ಬರಹ, ತಿಂಗಳ ತೂಕದ ದಾಖಲೆ, ಎಚ್‌ಬಿಎ1ಸಿ (ಸಕ್ಕರೆ ಹತೋಟಿಯ ಪರೀಕ್ಷೆ) ವರದಿಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿಗೆ ಹಾಕಿಡಿ. ಯತ್ನಿಸಿದ್ದಕ್ಕೆ ಪುರಾವೆ ಕೇಳಿದ ದಿನ ಕೊಡಬೇಕಾದದ್ದು ಈ ಕಾಗದಗಳನ್ನೇ.